ತುದಿ ವಾಲ್ವಿನ ಹತ್ತು ನಿಮಿಷ

ನಮ್ಮ ಊರಿಗೆ ಐದು ದಿನಕ್ಕೊಮ್ಮೆ ನೀರು. ಮದುವೆಗೆ ಮುಹೂರ್ತ ಇಡಿಸುವಾಗಲೂ ಜನ ಪಂಚಾಂಗದ ಜೊತೆಗೆ ನೀರಿನ ದಿನವನ್ನೂ ನೋಡುತ್ತಿದ್ದರು. ಆ ನೀರಿನ ನಿಯಂತ್ರಣ ಕೊಠಡಿಯಲ್ಲಿ ನಾನು ಹನ್ನೊಂದು ವರ್ಷದಿಂದ ಪಾಳಿ ಮೇಲ್ವಿಚಾರಕಿ. ಗುಡ್ಡದ ಮೇಲಿನ ಟಾಕಿಯ ಕೆಳಗೆ ಒಂದು ಉದ್ದನೆಯ ಕೋಣೆ. ಗೋಡೆಯ ತುಂಬ ಪರದೆ, ಪರದೆಯ ತುಂಬ ಊರಿನ ಓಣಿಗಳು. ಟಾಕಿಯಲ್ಲಿ ಎಷ್ಟು ನೀರಿದೆ, ಯಾವ ಕೊಳವೆಯಲ್ಲಿ ಎಷ್ಟು ಒತ್ತಡವಿದೆ ಎಲ್ಲವೂ ಅಲ್ಲಿ ಕಾಣುತ್ತಿತ್ತು. ಯಾವ ಓಣಿಗೆ ಎಷ್ಟು ನಿಮಿಷ ಬಿಡಬೇಕೆಂಬುದು ಮಾತ್ರ ಕಾಣುತ್ತಿರಲಿಲ್ಲ. ಅದು ಇದ್ದದ್ದು ಮೂವತ್ತೆರಡು ವಾಲ್ವ್‌ಮನ್‌ಗಳ ತಲೆಯಲ್ಲಿ.

ಅವರು ಕಬ್ಬಿಣದ ಉದ್ದ ಚಾವಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋಗಿ, ರಸ್ತೆಯ ಗುಂಡಿಯೊಳಗಿನ ವಾಲ್ವ್ ತಿರುವಿ, ಅಲ್ಲಿಂದಲೇ ನನಗೆ ಫೋನ್ ಮಾಡುತ್ತಿದ್ದರು. ಹೇಳಿದ್ದನ್ನು ನಾನು ಫೋನಿನಲ್ಲಿದ್ದ ‘ಚೀಟಿ’ ಎಂಬ ಆ್ಯಪಿನಲ್ಲಿ ಬರೆದುಕೊಳ್ಳುತ್ತಿದ್ದೆ. ಬರೆ ಎಂದು ಯಾರೂ ಹೇಳಿರಲಿಲ್ಲ. ‘ಗೌಳಿ ಓಣಿ, ಇಪ್ಪತ್ತು ನಿಮಿಷ ಹೆಚ್ಚು, ಬೀಗರು ಬಂದಾರ.’ ‘ಹಳೇ ಅಂಚೆ ಓಣಿ, ಮೊದಲು ಕೆಸರು ಬರತೈತಿ, ಎರಡು ಸಲ ಬಿಡಬೇಕು.’ ಅದರ ನಡುವೆಯೇ ‘ತೊಗರಿಬೇಳೆ ತೀರಿದೆ’, ‘ಇವರ ಕನ್ನಡಕ ಇಸಿದುಕೊಳ್ಳುವುದು’. ಮನೆ ಬೇರೆ, ಕೆಲಸ ಬೇರೆ ಎಂದು ಎರಡು ಹಾಳೆ ಮಾಡುವಷ್ಟು ವ್ಯವಧಾನ ನನಗೆ ಯಾವತ್ತೂ ಇರಲಿಲ್ಲ.

ಆ ವರ್ಷ ಊರಿನ ಸಾವಿರದೆಂಟುನೂರು ವಾಲ್ವುಗಳಿಗೂ ಮೋಟರು ಕೂರಿಸಿದರು. ಮನೆ ಮನೆಗೂ ಮೀಟರು ಬಂತು. ಚಾವಿ ಬೇಡ, ಸೈಕಲ್ಲು ಬೇಡ, ಯಂತ್ರವೇ ತೆರೆದು ಯಂತ್ರವೇ ಮುಚ್ಚುತ್ತದೆ. ಆದರೆ ಎಷ್ಟು ಹೊತ್ತು ಎಂದು ಯಂತ್ರಕ್ಕೆ ಯಾರು ಹೇಳಬೇಕು? ಕಚೇರಿಯವರು ವಾಲ್ವ್‌ಮನ್‌ಗಳನ್ನು ಕರೆದು ಕೂರಿಸಿಕೊಂಡರೆ ಅವರು, “ಅದೇನ್ರೀ, ಹೋದ್ರ ಗೊತ್ತಾಕ್ಕೈತಿ” ಎಂದು ಚಹಾ ಕುಡಿದು ಎದ್ದು ಬಂದರು. ಹೊಸದಾಗಿ ಬಂದಿದ್ದ ಮೈಸೂರು ಕಡೆಯ ಎಂಜಿನಿಯರ್ ಹುಡುಗಿ ಭೂಮಿಕಾ ತಲೆಯ ಮೇಲೆ ಕೈಹೊತ್ತು ಕೂತಿದ್ದ ವಾರವೇ ನನ್ನ ಚೀಟಿಯಲ್ಲಿ ಒಂದು ಹೊಸ ಗುಂಡಿ ಕಾಣಿಸಿಕೊಂಡಿತು: ‘ನಿಮ್ಮ ಟಿಪ್ಪಣಿಗಳನ್ನು ಕೋಷ್ಟಕ ಮಾಡಲೇ?’

ಭೂಮಿಕಾ ಕುರ್ಚಿ ಎಳೆದುಕೊಂಡು ಬಂದಳು. “ಮೇಡಂ, ನೀವು ಹೇಗೆ ಬೇಕಾದ್ರೂ ಬರೆದಿರಿ, ಇದು ಓದಿ ಅರ್ಥ ಮಾಡ್ಕೊಂಡು ಸಾಲು, ಕಾಲಂ ಮಾಡತ್ತೆ. ಒಂದು ಸಾಲಲ್ಲಿ ಎಲ್ಲ ಮನೆ ತುಂಬಿದ್ರೆ ಅದನ್ನ ವಾಲ್ವಿಗೆ ನಿಯಮ ಅಂತ ಕೊಡಬಹುದು. ಹದಿನೈದು ದಿನ ಪ್ರಯೋಗ ಮಾಡೋಣ. ಒತ್ತಿ.”

ಒತ್ತಿದೆ. ಮೂರು ನಿಮಿಷವೂ ಹಿಡಿಯಲಿಲ್ಲ. ಹನ್ನೊಂದು ವರ್ಷ ನಿಂತು, ಕೂತು, ಒಲೆಯ ಮುಂದೆ, ಬಸ್ಸಿನಲ್ಲಿ ಬರೆದದ್ದು ಆರು ಸಾವಿರದ ಇನ್ನೂರು ಸಾಲುಗಳಾಗಿ ನಿಂತಿತು. ಓಣಿ, ದಿನ, ನಿಮಿಷ, ಕಾರಣ. ತೊಗರಿಬೇಳೆಯನ್ನೂ ಕನ್ನಡಕವನ್ನೂ ಅದು ತಾನಾಗಿ ಪಕ್ಕಕ್ಕೆ ಸರಿಸಿ ಇಟ್ಟಿತ್ತು. ನನಗೆ ಒಂದು ಬಗೆಯ ಗರ್ವವಾಯಿತು, ಸುಳ್ಳು ಯಾಕೆ ಹೇಳಲಿ. ಮನೆಯಲ್ಲಿ, ಕಚೇರಿಯಲ್ಲಿ ಎಲ್ಲರೂ ‘ಏನು ಗೀಚತೀ ಯಾವಾಗ್ಲೂ’ ಎಂದು ನಗುತ್ತಿದ್ದ ಗೀಚು ಅದು. ಇನ್ನು ಮೇಲೆ ಊರಿನ ನೀರು ಅದರ ಪ್ರಕಾರ ಹರಿಯುತ್ತದೆ. ಭೂಮಿಕಾ ಮೇಲಿನವರಿಗೆ ಫೋನ್ ಮಾಡಿ, “ಉಳಿದ ಊರುಗಳವರಿಗೆ ತರಬೇತಿ ಕೊಡೋಕೆ ಮಹಾನಂದಾ ಮೇಡಂ ಅವರನ್ನೇ ಕಳಿಸೋಣ ಸರ್” ಎಂದಳು. ನಾನು ಕೇಳಿಸದವಳಂತೆ ಪರದೆ ನೋಡುತ್ತ ಕೂತೆ. ಕಿವಿಗಳು ಮಾತ್ರ ಬಿಸಿಯಾಗಿದ್ದವು.

ಆಮೇಲೆ ಅವಳು ನಗತೊಡಗಿದಳು. “ಮೇಡಂ, ಎರಡು ಸಾವಿರದ ಒಂಬೈನೂರು ಸಲ ಬೀಗರು ಬಂದಿದ್ದಾರೆ! ಈ ಊರಲ್ಲಿ ಬಂದ ಬೀಗರು ವಾಪಸ್ ಹೋಗೋದೇ ಇಲ್ವಾ?”

“ಅವ್ರೆಲ್ಲಾ ಬೀಗರಲ್ಲ ಬಿಡವಾ,” ಎಂದೆ. “ಒಂದು ಮನ್ಯಾಗ ಬಾಣಂತಿ ಇರ್ತಾಳ. ಒಂದು ಮನ್ಯಾಗ ಮಣ್ಣು ಮಾಡಿ ಬಂದಿರ್ತಾರ. ಇನ್ನೊಂದ್ರಾಗ ಹುಡುಗರಿಗೆ ಭೇದಿ ಹತ್ತಿರತೈತಿ. ನಡುಬೀದ್ಯಾಗ ನಿಂತು ಅದನ್ನೆಲ್ಲಾ ವಾಲ್ವ್‌ಮನ್‌ಗೆ ಹೇಳಾಕ ಬರತೈತೇನು? ‘ಬೀಗರು ಬಂದಾರಪ್ಪ, ಒಂದೀಟು ಹೆಚ್ಚು ಬಿಡು’ ಅಂತಾರ. ಅವ್ರು ಹಂಗ ನನಗ ಹೇಳ್ತಾರ. ನಾ ಹಂಗ ಬರಿತೀನಿ.”

“ಬೀಗರಲ್ಲ ಅಂತ ಎಲ್ರಿಗೂ ಗೊತ್ತಾ?”

“ಗೊತ್ತು.”

“ಮತ್ತೆ?”

“ಮತ್ತೇನು? ನೀರು ಬಿಡ್ತಾರ.”

ಭೂಮಿಕಾ ಗಲ್ಲಕ್ಕೆ ಪೆನ್ನು ಒತ್ತಿಕೊಂಡು ಯೋಚಿಸಿದಳು. ಅವಳಿಗಿಂತ ಮೊದಲು ಯಂತ್ರ ಯೋಚಿಸಿತ್ತು. ಮರುದಿನ ಬೆಳಿಗ್ಗೆ ಬಂದು ನೋಡಿದರೆ ಕಾರಣದ ಪಕ್ಕದಲ್ಲಿ ಇನ್ನೊಂದು ಕಾಲಂ ಹುಟ್ಟಿತ್ತು. ‘ಅಂದಾಜು ಕಾರಣ.’ ಮನೆಯ ಮೀಟರುಗಳು ನಿಮಿಷ ನಿಮಿಷದ ಬಳಕೆಯನ್ನು ಕಳಿಸುತ್ತವಲ್ಲ, ಅದನ್ನು ನನ್ನ ಈ ವರ್ಷದ ಟಿಪ್ಪಣಿಗಳ ಜೊತೆ ಹೊಂದಿಸಿ ನೋಡಿ, ಹಳೆಯವಕ್ಕೂ ಅದೇ ಲೆಕ್ಕ ಹಚ್ಚಿತ್ತು. ನಿಜವಾದ ಬೀಗರು ಬಂದ ಮನೆಯಲ್ಲಿ ಬೆಳಿಗ್ಗೆ ಮತ್ತು ಅಡುಗೆಯ ಹೊತ್ತಿಗೆ ನೀರು ಏರುತ್ತದೆ. ಬಾಣಂತಿಯ ಮನೆಯಲ್ಲಿ ಸ್ನಾನದ ಹೊತ್ತಿಗೆ ಒಮ್ಮೆಲೇ ಏರಿ ಆಮೇಲೆ ಚೂರು ಚೂರು. ಸಾವಿನ ಮನೆಯಲ್ಲಿ ಒಂದೇ ಗಂಟೆಯಲ್ಲಿ ಪೀಪಾಯಿಗಟ್ಟಲೆ, ನಂತರ ಮೂರು ದಿನ ಬಹಳ ಕಡಿಮೆ. ಯಂತ್ರ ಹೀಗೆ ಬೀಗರನ್ನು ಹದಿನಾಲ್ಕು ಬಗೆ ಮಾಡಿ, ಪ್ರತಿಯೊಂದರ ಮುಂದೆ ಶೇಕಡಾ ಇಷ್ಟು ಖಚಿತ ಎಂದು ಬರೆದಿತ್ತು.

ಊರೆಲ್ಲ ಒಟ್ಟಾಗಿ ಗೊತ್ತಿಲ್ಲದಂತೆ ಇಟ್ಟುಕೊಂಡಿದ್ದನ್ನು ಅದು ಒಂದು ರಾತ್ರಿಯಲ್ಲಿ ತಿಳಿದುಕೊಂಡಿತ್ತು. ಒಬ್ಬರ ಬಚ್ಚಲಿನ ಬಾಗಿಲು ತೆರೆದಿದ್ದಾಗ ಹಾದುಹೋದಂತೆ ನನಗೆ ನಾಚಿಕೆಯಾಯಿತು.

“ಇದು ಫಲಕದಾಗೂ ಬರತೈತೇನು?” ಎಂದು ಕೇಳಿದೆ. ಸೋಮವಾರದಿಂದ ಊರಿನ ಯಾರು ಬೇಕಾದರೂ ತಮ್ಮ ಫೋನಿನಲ್ಲಿ ಎಲ್ಲ ಓಣಿಗಳ ನೀರಿನ ನಿಮಿಷಗಳನ್ನೂ ಕಾರಣವನ್ನೂ ನೋಡುವಂತೆ ಒಂದು ಫಲಕ ತೆರೆಯುವುದಿತ್ತು.

“ಮನುಷ್ಯರು ಹೆಬ್ಬೆರಳು ಒತ್ತಿ ದೃಢೀಕರಿಸಿದ ಕಾರಣ ಇದ್ರೆ ಅದು ಬರತ್ತೆ. ಇಲ್ದಿದ್ರೆ ಯಂತ್ರದ ಅಂದಾಜು ಬರತ್ತೆ.”

ಆ ವಾರ ವಾಲ್ವ್‌ಮನ್‌ಗಳು ನಾಲ್ಕು ನಾಲ್ಕು ಜನರಂತೆ ಬಂದು ನನ್ನ ಪಕ್ಕ ಕೂತು ಎರಡು ಸಾವಿರದ ಒಂಬೈನೂರು ಸಾಲಿಗೂ ‘ಬೀಗರೇ ಹೌದು’ ಎಂದು ಹೆಬ್ಬೆರಳು ಒತ್ತಿದರು. ಒಬ್ಬನೂ ಯಾಕೆ ಎಂದು ಕೇಳಲಿಲ್ಲ.

ಉಳಿದದ್ದು ಒಂದೇ ಸಾಲು. ಕೆಂಪಗೇರಿ ನಾಲ್ಕನೇ ಓಣಿ, ತುದಿ ವಾಲ್ವ್. ದಿನಾ ಬೆಳಗಿನ ಐದಕ್ಕೆ, ಹತ್ತು ನಿಮಿಷ, ಆರು ವರ್ಷದಿಂದ. ಕಾರಣದ ಜಾಗದಲ್ಲಿ ಯಂತ್ರ ‘ಕೇಳಬ್ಯಾಡ್ರಿ’ ಎಂದು ಬರೆದು, ಪಕ್ಕದಲ್ಲಿ ‘ಅಮಾನ್ಯ’ ಎಂದು ಕೆಂಪು ಗುರುತು ಹಾಕಿತ್ತು.

ಅದು ನನ್ನ ಓಣಿ. ಆ ತುದಿ ವಾಲ್ವಿನ ಮೇಲೆ ಇರುವುದು ಎರಡೇ ಮನೆ. ಹನ್ನೆರಡನೆಯದು ನಮ್ಮದು.

ಆರು ವರ್ಷದ ಹಿಂದೆ ವಾಲ್ವ್‌ಮನ್ ಹಜರತಸಾಬ ಒಂದು ಮುಂಜಾನೆ ಫೋನ್ ಮಾಡಿ, “ಅಕ್ಕಾರ, ನಾಲ್ಕನೇ ಓಣಿ ತುದೀಗೆ ಪೈಪಿನ್ಯಾಗ ಉಳದಿದ್ದು ಹತ್ತು ನಿಮಿಷ ಬಿಟ್ಟೇನ್ರಿ. ದಿನಾ ಬಿಡ್ತೇನಿ. ಕೇಳಬ್ಯಾಡ್ರಿ” ಎಂದಿದ್ದ. ನಾನು ಹಾಗೆಯೇ ಬರೆದುಕೊಂಡೆ. ಕೇಳಲಿಲ್ಲ. ಯಾಕೆಂದರೆ ಉತ್ತರ ನನಗೆ ಗೊತ್ತಿದೆ ಎಂದುಕೊಂಡಿದ್ದೆ. ನೀರಿನ ಕಚೇರಿಯ ಅಕ್ಕನ ಮನೆಗೆ ನೀರಿನ ಕೊರತೆ ಇರಬಾರದೆಂದು ಆ ಒಳ್ಳೆಯ ಮನುಷ್ಯ ತಾನಾಗಿ ತೋರಿಸಿದ ಮರ್ಯಾದೆ ಅದು! ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ದಿನಾ ಬೆಳಿಗ್ಗೆ ಎದ್ದು ಎರಡು ಕೊಡ ತುಂಬಿಸಿಕೊಳ್ಳುತ್ತಿದ್ದೆ. ನನಗಾಗಿ ಯಾರೋ ಒಬ್ಬರು ಕೇಳದೆಯೇ ಏನೋ ಮಾಡುತ್ತಿದ್ದಾರೆ ಎನ್ನುವ ಭಾವನೆ ಹೆಂಗಸಿಗೆ ಐವತ್ತು ವರ್ಷದಲ್ಲಿ ಎಷ್ಟು ಸಲ ಸಿಕ್ಕೀತು? ತಪ್ಪೆಂದು ಗೊತ್ತಿದ್ದೂ ಆ ಎರಡು ಕೊಡದ ನೀರು ನನಗೆ ಉಳಿದ ನೀರಿಗಿಂತ ತಂಪಾಗಿತ್ತು.

ಈಗ ‘ಅಂದಾಜು ಕಾರಣ’ ತೆರೆದೆ. ಅಲ್ಲಿ ನನ್ನ ಹೆಸರಿರಲಿಲ್ಲ. ‘ಮನೆ ಹನ್ನೊಂದು. ಒಬ್ಬ ವ್ಯಕ್ತಿಯ ಹಾಸಿಗೆ ಮತ್ತು ಬಟ್ಟೆಗಳನ್ನು ಪ್ರತಿದಿನ ತೊಳೆಯುವುದು. ಮೂತ್ರ ತಡೆಯಲಾಗದ ತೊಂದರೆ. ಶೇಕಡಾ ಎಂಬತ್ತೆಂಟು.’

ಕೂಡಲೇ ಆ ಸಾಲನ್ನು ಮುಚ್ಚಿದೆ. ಓದಿ ಆಗಿತ್ತು.

ಹನ್ನೊಂದನೆಯ ಮನೆ ವತ್ಸಲಾ ಬಾಯಾರದು. ಹೆಣ್ಣುಮಕ್ಕಳ ಶಾಲೆಯ ಹೆಡ್‌ಬಾಯಾರು, ಅಂದರೆ ಮುಖ್ಯೋಪಾಧ್ಯಾಯಿನಿ. ನನಗಿಂತ ಮೂರು ವರ್ಷಕ್ಕೆ ದೊಡ್ಡವರು. ಗಂಡ ತೀರಿಕೊಂಡ ಮೇಲೆ ಒಬ್ಬರೇ. ಗಂಜಿ ಹಾಕಿದ ಇಳಕಲ್ ಸೀರೆ, ಅದರ ಒಂದು ನೆರಿಗೆಯೂ ಅತ್ತಿತ್ತ ಆಗುವುದಿಲ್ಲ. ಅವರು ಓಣಿಯಲ್ಲಿ ಬಂದರೆ ದೊಡ್ಡ ಗಂಡಸರೂ ಬೀಡಿಯನ್ನು ಬೆನ್ನ ಹಿಂದೆ ಮುಚ್ಚಿಡುತ್ತಿದ್ದರು. ಹದಿನಾರು ವರ್ಷದ ನೆರೆಯಲ್ಲಿ ನಾವು ಆಡಿದ ಮಾತು ಕಡಿಮೆ. ಅವರದು ಬಹಳ ಬಿಗುಮಾನ ಎಂದು ನಾನೇ ನಾಲ್ಕು ಜನರ ಮುಂದೆ ಆಡಿಕೊಂಡಿದ್ದೆ.

ಸಂಜೆ ಮನೆಗೆ ಬಂದರೆ ನೀರಿನ ದಿನ. ಮನೆಯ ನಲ್ಲಿಗಿಂತ ಬೀದಿ ನಲ್ಲಿಯ ಧಾರೆ ಜೋರು, ಓಣಿಯ ಹೆಂಗಸರೆಲ್ಲ ಅದರ ಮುಂದೆ. ಮಧ್ಯದಲ್ಲಿ ಕಸ್ತೂರೆವ್ವ. ಆರು ಹೆಂಗಸರನ್ನು ಕಟ್ಟಿಕೊಂಡು ಖಡಕ್ ರೊಟ್ಟಿ ಬಡಿದು ಮಾರುವವಳು. ಫಲಕ ಬೇಕೆಂದು ಕಚೇರಿಯ ಮುಂದೆ ಖಾಲಿ ಕೊಡ ಹಿಡಿದು ಎರಡು ದಿನ ಕೂತು ಸಾಧಿಸಿದವಳೂ ಅವಳೇ. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಹಿಟ್ಟು ನಾದಲಿಕ್ಕೆ ನೀರು ಸಾಲದೆ ಎಷ್ಟೋ ದಿನ ಅವಳ ಒಲೆ ಮಧ್ಯಾಹ್ನಕ್ಕೇ ಆರುತ್ತಿತ್ತು.

“ಬಾರವಾ ಮಹಾನಂದಕ್ಕ, ಸೋಮವಾರ ಎಲ್ಲಾರ್ದೂ ಬಯಲಾಕ್ಕೈತಲ್ಲ!” ಎಂದಳು. “ಯಾವ ಮಾರಾಯ ಯಾರ ಮನೀಗೆ ಕದ್ದು ಬಿಡಸ್ಕೊಂಡಾನು, ಎಲ್ಲಾ ಕಾಣತೈತಿ. ಅವನ ಮನೀ ಮುಂದ ಕೂತು ರೊಟ್ಟಿ ಬಡೀತೀನಿ ನಾನು.”

ಹೆಂಗಸರು ನಕ್ಕರು. ನಾನೂ ನಕ್ಕೆ. ಆಚೆ ತುದಿಯಲ್ಲಿ ವತ್ಸಲಾ ಬಾಯಾರು ತಮ್ಮ ಕೊಡವನ್ನು ಸರತಿಯಲ್ಲಿ ಇಟ್ಟು, ದೂರ ಗೋಡೆಯ ಪಕ್ಕ ನಿಂತಿದ್ದರು. ಆ ದೂರವನ್ನು ನಾನು ಬಿಗುಮಾನ ಎಂದು ಓದಿದ್ದೆ. ಅವರ ಮುಖ ನೋಡಲಾಗದೆ ಒಳಗೆ ಹೋದೆ.

ಇವರು ಬಸ್ ಡಿಪೋದಿಂದ ಬಂದವರು ಚಹಾ ಕೇಳಿದರು. ತಟ್ಟೆಯಲ್ಲಿ ಅವಲಕ್ಕಿ ಇಟ್ಟೆ. “ಯಾಕ, ಯಂತ್ರ ಕೈಕೊಡ್ತೇನು?” ಎಂದರು. ಇಲ್ಲ ಎಂದೆ. ಯಂತ್ರ ಕೈಕೊಟ್ಟಿದ್ದರೆ ಚೆನ್ನಾಗಿತ್ತು.

ಹಜರತಸಾಬ ಮರುದಿನ ತನ್ನ ಚಾವಿ ಒಪ್ಪಿಸಲು ಕೊಠಡಿಗೆ ಬಂದ. ಮೂವತ್ತು ವರ್ಷ ಹೊತ್ತ ಚಾವಿ. ಹಿಡಿಕೆ ಅವನ ಬೆರಳಿನ ಆಕಾರಕ್ಕೆ ಸವೆದಿತ್ತು. ಭೂಮಿಕಾ ಊಟಕ್ಕೆ ಹೋಗಿದ್ದಳು. ನಾನು ನೇರವಾಗಿ ಕೇಳಿದೆ.

“ಸಾಬ, ತುದಿ ವಾಲ್ವ್ ಯಾರಿಗಂತ ಬಿಡ್ತಿದ್ರಿ?”

ಅವನು ನನ್ನನ್ನು ಒಂದು ಕ್ಷಣ ನೋಡಿದ. “ನೀವು ನಿಮಗಂತ ತಿಳಕೊಂಡಿದ್ರೇನ್ರಿ, ಅಕ್ಕಾರ?”

ನಾನು ತಲೆ ತಗ್ಗಿಸಿದೆ. ಅವನು ನಗಲಿಲ್ಲ, ಅದು ಅವನ ದೊಡ್ಡತನ.

“ಬಾಯಾರು ಒಂದು ಮುಂಜಾನಿ ವಾಲ್ವಿನ ಗುಂಡಿ ಮುಂದ ನಿಂತಿದ್ರು. ‘ನಿನ್ನ ಚಾವಿ ಹತ್ತು ನಿಮಿಷ ಕೊಡ್ತೀಯೇನಪ್ಪ’ ಅಂದ್ರು. ನನ್ನ ಮಗಳಿಗೆ ಅಕ್ಷರ ಕಲಿಸಿದಾಕಿ. ಚಾವಿ ಬ್ಯಾಡ್ರಿ, ನಾನಾ ಬಿಡ್ತೇನಿ ಅಂದೆ.”

“ಯಾಕಂತ ಕೇಳಲಿಲ್ಲೇನು?”

“ಅಂಥಾಕಿ ಬೆಳಕು ಹರಿಯೂದ್ರಾಗ ಓಣಿ ತುದೀಗೆ ಬಂದು ನನ್ನಂಥವನ ಮುಂದ ಕೈ ಚಾಚ್ತಾಳಂದ್ರ, ಕೇಳೂದೇನೈತ್ರೀ ಅದ್ರಾಗ?” ಚಾವಿಯನ್ನು ಗೋಡೆಗೆ ಒರಗಿಸಿದ. “ನನಗ ಇವತ್ತಿಗೂ ಗೊತ್ತಿಲ್ಲ. ನಿಮಗ ಗೊತ್ತಿದ್ರ ನನ್ನ ಮುಂದ ಹೇಳಬ್ಯಾಡ್ರಿ.”

ಅವನು ಹೋದ ಮೇಲೆ ಆ ಚಾವಿಯ ಪಕ್ಕ ಬಹಳ ಹೊತ್ತು ಕೂತೆ. ಆರು ವರ್ಷ, ಮಳೆಗಾಲ ಚಳಿಗಾಲ ಎನ್ನದೆ, ಕಾರಣ ಗೊತ್ತಿಲ್ಲದ ಒಂದು ನೀರನ್ನು ಅವನು ಬಿಟ್ಟಿದ್ದ. ಕಾರಣ ಗೊತ್ತಿದೆ ಎಂಬ ಜಂಬದಲ್ಲಿ ನಾನು ಅದನ್ನು ತುಂಬಿಸಿಕೊಂಡಿದ್ದೆ.

ಫಲಕ ತೆರೆಯುವ ಮುಂಚೆ ಶನಿವಾರ ಒಂದೇ ಕೆಲಸದ ದಿನ ಉಳಿದಿತ್ತು. ಆ ಸಾಲನ್ನು ಏನು ಮಾಡುವುದು? ಬೀಗರು ಎಂದು ಬರೆದು ನೋಡಿದೆ. ಬೀಗರು ಆರು ವರ್ಷ ದಿನಾ ಬರುವುದಿಲ್ಲ ಎಂದು ಯಂತ್ರ ಒಪ್ಪಲಿಲ್ಲ. ಕಾರಣದ ಕಾಲಮ್ಮನ್ನೇ ತೆಗೆದುಬಿಡೋಣವೆ ಎಂದು ಭೂಮಿಕಾಳನ್ನು ಕೇಳಿದೆ.

“ಆಗಲ್ಲ ಮೇಡಂ. ಕಾರಣ ಇಲ್ಲದ ನೀರು ಅದರ ಲೆಕ್ಕದಲ್ಲಿ ಸೋರಿಕೆ. ವಾಲ್ವ್ ಮುಚ್ಚಿಬಿಡತ್ತೆ. ಯಾವ ಸಾಲಿನ ಬಗ್ಗೆ ಕೇಳ್ತಿದ್ದೀರಿ?”

“ಒಂದು ಸಾಲು. ನೀನು ತೆರೀಬ್ಯಾಡ, ನಾನಾ ನೋಡ್ಕೋತೀನಿ.”

ದಿನಾ ಬಿಡುವ ನೀರಿಗೆ ಯಂತ್ರ ಒಪ್ಪುವ ಕಾರಣ ನಾಲ್ಕೇ ಇದ್ದವು. ಆಸ್ಪತ್ರೆ ಅಥವಾ ಶಾಲೆ. ಉದ್ಯಮ. ಮನೆಯಲ್ಲಿ ರೋಗಿ. ಸಿಬ್ಬಂದಿ ಸೌಲಭ್ಯ. ರೋಗಿ ಎಂದರೆ ವೈದ್ಯರ ಪತ್ರ ಬೇಕು, ಹೆಸರು ಬೇಕು. ಹೆಸರಿಲ್ಲದೆ ಬರೆದರೂ ಎರಡೇ ಮನೆಯಲ್ಲವೆ, ನಮ್ಮಲ್ಲಿ ರೋಗಿ ಇಲ್ಲವೆಂದು ಓಣಿಗೇ ಗೊತ್ತು. ಸಾಲನ್ನು ಹಾಗೆಯೇ ಬಿಟ್ಟರೆ ಶೇಕಡಾ ಎಂಬತ್ತೆಂಟು ಊರಿನ ಎಲ್ಲ ಫೋನುಗಳಿಗೆ ಹೋಗುತ್ತದೆ. ಅಳಿಸಿದರೆ ಮಂಗಳವಾರ ಬೆಳಿಗ್ಗೆ ಐದಕ್ಕೆ ಒಬ್ಬ ಹೆಂಗಸು ಒಣ ನಲ್ಲಿಯ ಮುಂದೆ ಒದ್ದೆ ಹಾಸಿಗೆ ಹಿಡಿದು ನಿಲ್ಲುತ್ತಾಳೆ. ನಮ್ಮ ಮನೆಯ ನೀರನ್ನೇ ಗೋಡೆಯ ಮೇಲಿಂದ ಕೊಡಬಹುದಿತ್ತು. ಆದರೆ ಕೊಡಬೇಕಾದರೆ ನನಗೆ ಗೊತ್ತಿದೆ ಎಂದು ಹೇಳಬೇಕಿತ್ತು.

ಸಿಬ್ಬಂದಿ ಸೌಲಭ್ಯ ಎಂಬುದು ಹಳೆಯ ಕಾಲದಲ್ಲಿ ಟಾಕಿಯ ಕಾವಲುಗಾರರಿಗೆ ಮಾಡಿದ ನಿಯಮ. ತೆಗೆದುಹಾಕಲು ಯಾರಿಗೂ ನೆನಪಾಗಿರಲಿಲ್ಲ, ಬಳಸಲು ಯಾರಿಗೂ ಧೈರ್ಯವಿರಲಿಲ್ಲ. ಐದು ದಿನಕ್ಕೊಮ್ಮೆ ನೀರು ಬರುವ ಊರಿನಲ್ಲಿ ನೀರಿನವರೇ ದಿನಾ ಬಿಡಿಸಿಕೊಳ್ಳುತ್ತಾರೆ ಎಂದರೆ ಜನ ಸುಮ್ಮನಿರುತ್ತಾರೆಯೇ?

ಬರೆದೆ. ‘ಸಿಬ್ಬಂದಿ ಸೌಲಭ್ಯ. ಮಹಾನಂದಾ, ಮನೆ ಹನ್ನೆರಡು.’ ಹೆಬ್ಬೆರಳು ಒತ್ತಿದೆ. ಅಂದಾಜು ಅಳಿಸಿಹೋಯಿತು. ದೊಡ್ಡ ತ್ಯಾಗ ಮಾಡಿದೆ ಎಂದೇನೂ ಅನ್ನಿಸಲಿಲ್ಲ. ದಿನಾ ಎರಡು ಕೊಡ ತುಂಬಿಸಿಕೊಂಡವಳ ಹೆಸರು ಅಲ್ಲಿರುವುದು ಪೂರ್ತಿ ಸುಳ್ಳಲ್ಲ.

ಸೋಮವಾರ ಹತ್ತು ಗಂಟೆಗೆ ಫಲಕ ತೆರೆಯಿತು. ಹತ್ತೂವರೆಗೆ ಭೂಮಿಕಾ ನನ್ನ ಮುಂದೆ ನಿಂತಿದ್ದಳು. “ಮೇಡಂ, ನೀವಾ?” ಎಂದಳು. ನಾನು ಹೌದೆಂದು ತಲೆಯಾಡಿಸಿದೆ. ಅವಳು ಏನಾದರೂ ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಕುರ್ಚಿಯನ್ನು ತನ್ನ ಮೇಜಿನ ಕಡೆಗೆ ವಾಪಸ್ ಎಳೆದುಕೊಂಡು ಹೋದಳು. ತರಬೇತಿಗೆ ಕಳಿಸುವ ಪಟ್ಟಿಯಿಂದ ನನ್ನ ಹೆಸರು ಅಂದೇ ಹೋಯಿತು. ಮಧ್ಯಾಹ್ನಕ್ಕೆ ವಿವರಣೆ ಕೇಳಿ ಕಾಗದ ಬಂತು.

ಓಣಿಯಲ್ಲಿ ಕಸ್ತೂರೆವ್ವ ಹೇಳಿದ್ದನ್ನು ಮಾಡಿದ್ದಳು. ನಮ್ಮ ಬಾಗಿಲ ಮುಂದೆ ಹಂಚು, ಒಲೆ, ಆರು ಹೆಂಗಸರು. ರೊಟ್ಟಿ ಬಡಿಯುವ ಸದ್ದು ತಿರುವಿನಿಂದಲೇ ಕೇಳುತ್ತಿತ್ತು.

“ಬಂದ್ರು ನೋಡ್ರಿ ಸೌಲಭ್ಯದವ್ರು!” ಎಂದಳು. “ಜಾಗಾ ಬಿಡ್ರವಾ, ಕಾಲಿಗೆ ಹಿಟ್ಟು ಹತ್ತೀತು. ಹತ್ತಿದ್ರೇನು, ತೊಳಕೊಳ್ಳಾಕ ಅವ್ರಿಗೆ ದಿನಾ ನೀರೈತಲ್ಲ!”

“ಕಸ್ತೂರೆವ್ವ...”

“ನಾ ಹಿಟ್ಟಿಗೆ ನೀರಿಲ್ಲದ ನಿನ್ನ ಮುಂದ ಬಂದು ಅತ್ತಾಗ ನೀ ಏನಂದಿದ್ದಿ? ‘ನನ್ನ ಕೈಯಾಗೇನೈತವಾ’ ಅಂದಿದ್ದಿ. ನಿನ್ನ ಕೈಯಾಗ ಹತ್ತು ನಿಮಿಷ ಇತ್ತಲ್ಲವಾ, ದಿನಾ!”

ಅವಳು ಹೇಳಿದ್ದು ಸುಳ್ಳಾಗಿದ್ದರೆ ಸಿಟ್ಟಾದರೂ ಬರುತ್ತಿತ್ತು. ಅಷ್ಟರಲ್ಲಿ ವತ್ಸಲಾ ಬಾಯಾರು ಶಾಲೆಯಿಂದ ಬಂದರು. ಕೈಯಲ್ಲಿ ಫೋನಿತ್ತು. ಒಮ್ಮೆ ನನ್ನನ್ನು, ಒಮ್ಮೆ ಒಲೆಯನ್ನು ನೋಡಿದರು. ಹಾದು ಹೋಗಿ ತಮ್ಮ ಬಾಗಿಲು ಹಾಕಿಕೊಂಡರು.

ಇವರು ಅಂದು ಊಟಕ್ಕೆ ಕೂತಾಗ ಒಂದೇ ಮಾತು ಕೇಳಿದರು. “ಆ ನೀರು ನಮ್ಮದಾಗಿತ್ತೇನು?”

“ಸ್ವಲ್ಪ,” ಎಂದೆ.

ನನ್ನ ಮುಖ ನೋಡಿ, ಮತ್ತೆ ಕೇಳದೆ ಸಾರು ಬಡಿಸಿಕೊಂಡರು.

ನಾಲ್ಕನೆಯ ದಿನ, ಭಾನುವಾರವೂ ಅಲ್ಲದ ಒಂದು ಮಧ್ಯಾಹ್ನ, ನಾನು ಪಾಳಿ ಮುಗಿಸಿ ಬಂದು ಸೊಪ್ಪು ಬಿಡಿಸುತ್ತಿದ್ದಾಗ ಹಿತ್ತಲ ಬಾಗಿಲಿನ ಕಡೆಯಿಂದ ವತ್ಸಲಾ ಬಾಯಾರು ಬಂದರು. ಶಾಲೆಗೆ ರಜೆ ಹಾಕಿದ್ದರು. ನಾನು ಮಣೆ ಸರಿಸಿದೆ. ಅವರು ಬಾಗಿಲ ಚೌಕಟ್ಟು ಹಿಡಿದು ನಿಂತೇ ಮಾತಾಡಿದರು.

“ನೀವು ಸುಳ್ಳು ಬರದೀರಿ.”

“ಪೂರಾ ಸುಳ್ಳಲ್ರಿ ಬಾಯಾರ. ಆರು ವರ್ಷ ಆ ನೀರು ನಾನೂ ತುಂಬಸೀನಿ. ಹಜರತಸಾಬ ನನ್ನ ಸಲುವಾಗಿ ಬಿಡ್ತಾರಂತ ತಿಳಕೊಂಡಿದ್ದೆ.”

ಅವರ ತುಟಿಯ ಅಂಚು ಅಲ್ಲಾಡಿತು. ನಗೆಯೋ ಏನೋ. ಆಮೇಲೆ, ತರಗತಿಯಲ್ಲಿ ಪ್ರಶ್ನೆ ಕೇಳುವ ಧ್ವನಿಯಲ್ಲೇ ಕೇಳಿದರು. “ಕಾರಣ ನಿಮಗ ಗೊತ್ತದ ಏನು?”

ಗೊತ್ತಿಲ್ಲ ಎನ್ನುವುದು ಸುಲಭವಿತ್ತು. ಊರಿನ ಪದ್ಧತಿಯೂ ಅದೇ. ಆದರೆ ಅವರು ನನ್ನನ್ನೇ ನೋಡುತ್ತಿದ್ದರು. ಆ ನೋಟದ ಮುಂದೆ ಇನ್ನೊಬ್ಬ ಬೀಗರನ್ನು ಕರೆತರಲು ನನಗೆ ಆಗಲಿಲ್ಲ.

“ಯಂತ್ರ ಅಂದಾಜು ಬರದಿತ್ತು. ನಾ ಓದಿದೆ. ಬೇರೆ ಯಾರೂ ಓದಿಲ್ಲ. ಸಾಬಗೂ ಗೊತ್ತಿಲ್ಲ. ಅಳಿಸೀನಿ.”

“ನೀವು ಓದಿದ್ದು ಅಳಸ್ಲಿಕ್ಕೆ ಬರೂದಿಲ್ಲಲ್ಲ.”

“ಇಲ್ರಿ.”

ಹೊರಗೆ ರೊಟ್ಟಿ ಬಡಿಯುವ ಸದ್ದು ನಡೆದೇ ಇತ್ತು. ಆಮೇಲೆ ಹೇಳಿದರು. ಗರ್ಭಕೋಶ ತೆಗೆಸಿದ ಆಪರೇಷನ್ ಆದ ಹನ್ನೆರಡನೆಯ ದಿನದಿಂದ ಶುರುವಾದದ್ದು. ವೈದ್ಯರ ಹತ್ತಿರ ಮತ್ತೆ ಹೋಗಲು ನಾಚಿಕೆ. ಹೋದರೆ ಯಾರಾದರೂ ಹಳೆಯ ವಿದ್ಯಾರ್ಥಿನಿಯೇ ನರ್ಸಾಗಿ ಎದುರು ನಿಂತಿದ್ದರೆ? ಶಾಲೆಯಲ್ಲಿ ಎಂಟು ತಾಸು, ಎಷ್ಟು ಅರಿವೆ ಮಡಚಿ ಇಟ್ಟುಕೊಂಡರೂ ಮನಸ್ಸೆಲ್ಲ ಅಲ್ಲೇ. ಪಾಠ ಹೇಳುವಾಗಲೂ ಮೂಗು ತನ್ನದೇ ವಾಸನೆ ಹುಡುಕುತ್ತದೆ. “ಹುಡುಗ್ಯಾರು ನಕ್ಕರ ನನ್ನ ನೋಡೇ ನಕ್ಕರೇನೋ ಅನಿಸ್ತದ. ಅದಕ್ಕ ನಗಬ್ಯಾಡ್ರಿ ಅಂತ ಬೈತೀನಿ. ನಗೋ ಹುಡುಗ್ಯಾರಿಗೆ ಬೈಯೋ ಬಾಯಿ ಆಗೀನಿ ನಾನು,” ಎಂದರು.

ಸೊಪ್ಪು ನನ್ನ ಮಡಿಲಲ್ಲಿ ಹಾಗೆಯೇ ಇತ್ತು. ಸಮಾಧಾನದ ಮಾತು ಹೇಳಲು ನನಗೆ ಬರುವುದಿಲ್ಲ. ನನಗೆ ಗೊತ್ತಿರುವುದು ಕೊಳವೆಗಳ ಕೆಲಸ. “ಬಾಯಾರ, ಇದು ಸೋರಿಕೆ ಅಲ್ಲೇನ್ರಿ?” ಎಂದೆ. “ಎಲ್ಲೋ ಒಂದು ಕಡೆ ಸಣ್ಣ ತೂತು ಬಿದ್ದಿರತೈತಿ. ಹುಡುಕಿ ಮುಚ್ಚಾಕ ಬರೂದಿಲ್ಲೇನು? ನಮ್ಮ ದೊಡ್ಡವ್ವನ ಮಗಳಿಗೆ ಹೆರಿಗ್ಯಾಗ ಹಿಂಗಾಗಿತ್ತು. ಬ್ಯಾರೆ ಊರಾಗ ಮುಚ್ಚಿದ್ರು. ನಾನೂ ಬರ್ತೀನಿ ಜೋಡಿ. ಅಲ್ಲಿ ನಮ್ಮನ್ನ ಗುರುತು ಹಿಡಿಯೋರಿಲ್ಲ.”

ಅವರು ಸೆರಗು ಸರಿಮಾಡಿಕೊಂಡು ತಿರುಗಿದರು. ಹೋಗುವಾಗ ಹಿತ್ತಲ ಬಾಗಿಲನ್ನು ಅರ್ಧ ತೆರೆದೇ ಬಿಟ್ಟು ಹೋದರು.

ದಸರಾ ರಜೆಯಲ್ಲಿ ಹೋದೆವು. ಓಣಿಗೆ ಯಾತ್ರೆ ಎಂದು ಹೇಳಿದೆವು. “ಮಾಡಿದ ಪಾಪ ತೊಳಕೊಂಡು ಬಾರವಾ” ಎಂದು ಕಸ್ತೂರೆವ್ವ ನನ್ನನ್ನು ಕಳಿಸಿಕೊಟ್ಟಳು. ಮೊದಲನೆಯ ಸಲ ಹೊಲಿಗೆ ಪೂರ್ತಿ ಕೂಡಲಿಲ್ಲ. ಬಾಯಾರು ಗೋಡೆಯ ಕಡೆ ತಿರುಗಿ ಮಲಗಿ ಎರಡು ದಿನ ಮಾತಾಡಲಿಲ್ಲ. ಬೇಸಿಗೆ ರಜೆಯಲ್ಲಿ ಮತ್ತೆ ಹೋದೆವು. ಆ ನಡುವಿನ ತಿಂಗಳುಗಳಲ್ಲಿ ಪ್ರತಿ ಬೆಳಿಗ್ಗೆ ಐದಕ್ಕೆ ತುದಿ ವಾಲ್ವಿನ ಮೋಟರು ಸದ್ದು ಮಾಡುತ್ತಿತ್ತು. ನಮ್ಮ ನಲ್ಲಿಯನ್ನು ನಾನು ಬಿಗಿಯಾಗಿ ಮುಚ್ಚಿಟ್ಟಿದ್ದೆ. ಗೋಡೆಯಾಚೆ ಬಟ್ಟೆ ಹಿಂಡುವ ಸದ್ದು ಕೇಳುತ್ತ ಮಲಗಿರುತ್ತಿದ್ದೆ. ಹಗಲಿನಲ್ಲಿ ಓಣಿಯ ಯಾವ ಮನೆಯವರೂ ನನ್ನನ್ನು ಅರಿಸಿನ ಕುಂಕುಮಕ್ಕೆ ಕರೆಯಲಿಲ್ಲ. ಅದು ಚುಚ್ಚುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೆಲವು ಮುಂಜಾನೆ ಆ ಸದ್ದನ್ನು ಕೇಳಿ, ‘ಇನ್ನೂ ಎಷ್ಟು ದಿನ?’ ಎಂದು ಸಿಟ್ಟೂ ಬಂದಿದೆ.

ಬೇಸಿಗೆಯಲ್ಲಿ ಹೋಗಿ ಬಂದ ಎರಡನೆಯ ವಾರ ಒಂದು ಬೆಳಿಗ್ಗೆ ಮೋಟರು ತಿರುಗಿತು, ನೀರು ಬಂತು, ಆದರೆ ಗೋಡೆಯಾಚೆ ಏನೂ ಕೇಳಲಿಲ್ಲ. ಮರುದಿನವೂ ಇಲ್ಲ. ಹೇಗಿದ್ದೀರಿ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಜೂನಿನಲ್ಲಿ ಶಾಲೆ ಶುರುವಾದ ಮೇಲೆ ಒಂದು ದಿನ ಕೊಠಡಿಯಲ್ಲಿ ಕೂತಿದ್ದಾಗ ಕೋಷ್ಟಕ ತಾನಾಗಿ ಒಂದು ಸಾಲನ್ನು ಮುಂದೆ ತಂದಿತು.

‘ಕೆಂಪಗೇರಿ ನಾಲ್ಕನೇ ಓಣಿ, ತುದಿ ವಾಲ್ವ್. ಇಪ್ಪತ್ತೊಂದು ದಿನಗಳಿಂದ ಈ ನೀರು ಬಳಕೆಯಾಗಿಲ್ಲ. ನಿಯಮ ತೆಗೆಯಲೇ?’

ಒತ್ತುವ ಮುಂಚೆ ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಭೂಮಿಕಾ ಹಿಂದಿನಿಂದ ಬಗ್ಗಿ ನೋಡಿದಳು. ವರ್ಷದಿಂದ ಕೆಲಸಕ್ಕೆ ಬೇಕಾದಷ್ಟೇ ಮಾತಾಡುತ್ತಿದ್ದಳು. “ಜನ ಬೈದ್ರು ಅಂತ ಬಿಡ್ತಿದ್ದೀರಾ ಮೇಡಂ?” ಎಂದಳು.

“ಇನ್ನ ಬ್ಯಾಡವಾ ಅದು,” ಎಂದೆ. ಕಣ್ಣು ತುಂಬಿದ್ದನ್ನು ಅವಳು ಪಶ್ಚಾತ್ತಾಪ ಎಂದುಕೊಂಡಿರಬೇಕು. ಒಂದು ಲೋಟ ನೀರು ತಂದು ಮೇಜಿನ ಮೇಲಿಟ್ಟಳು.

ಫಲಕದಲ್ಲಿ ‘ಸಿಬ್ಬಂದಿ ಸೌಲಭ್ಯ ರದ್ದು’ ಎಂದು ಬಂದ ಸಂಜೆ ಓಣಿಯಲ್ಲಿ ಹಬ್ಬ. ಕಸ್ತೂರೆವ್ವ ಬುಟ್ಟಿ ತುಂಬ ರೊಟ್ಟಿ, ಶೇಂಗಾ ಚಟ್ನಿ, ಬದನೇಕಾಯಿ ಎಣ್ಣಿಗಾಯಿ ಇಟ್ಟುಕೊಂಡು ಮನೆಮನೆಯವರನ್ನು ಕರೆದು ಹಂಚುತ್ತಿದ್ದಳು. ನಾನು ಬಂದಾಗ, “ಬಾ, ನೀನೂ ತಿನ್ನು. ಸೋತವ್ರಿಗೂ ಹಸಿವಿ ಇರತೈತಿ” ಎಂದು ನನ್ನ ಕೈಗೂ ಒಂದು ರೊಟ್ಟಿ ಕೊಟ್ಟಳು. ಅದರ ಮೇಲೆ ಎಣ್ಣಿಗಾಯಿ ತುಸು ಹೆಚ್ಚೇ ಹಾಕಿದಳು.

ವತ್ಸಲಾ ಬಾಯಾರು ಶಾಲೆಯಿಂದ ಬರುತ್ತಿದ್ದಂತೆ ಹೆಂಗಸರು ಅವರನ್ನು ತಡೆದರು. “ಬಾಯಾರ, ನೀವು ಕಲತಾಕಿ. ಎರಡು ಮಾತು ಹೇಳ್ರಿ. ನಮ್ಮ ಓಣಿ ಗೆದ್ದೈತಿ.”

ಅವರು ಸುತ್ತ ನೋಡಿದರು. ನನ್ನ ಕಡೆ ಬಂದ ಕಣ್ಣು ಅಲ್ಲಿ ನಿಲ್ಲಲಿಲ್ಲ.

“ಆ ಹತ್ತು ನಿಮಿಷದ ನೀರು ಇನ್ನ ಯಾರಿಗೂ ಬೇಕಾಗಿಲ್ಲ,” ಎಂದರು. ಧ್ವನಿ ಶಾಲೆಯ ಪ್ರಾರ್ಥನೆಯಲ್ಲಿದ್ದಂತೆ ಸ್ಪಷ್ಟವಾಗಿತ್ತು. “ಇದಕ್ಕಿಂತ ಸಂತೋಷದ ಸುದ್ದಿ ನಾ ಇತ್ತೀಚೆಗೆ ಕೇಳಿಲ್ಲ.”

ಚಪ್ಪಾಳೆ ಬಿತ್ತು. ಬಾಯಾರು ಸೀರೆಯ ನೆರಿಗೆ ಹಿಡಿದು, ಕಟ್ಟೆಯ ಮೇಲೆ ಇಬ್ಬರು ಹೆಂಗಸರ ನಡುವೆ ಇದ್ದ ಚೂರು ಜಾಗದಲ್ಲಿ, ಅವರ ಮೈಗೆ ಮೈ ತಾಗುವಂತೆ, ಒತ್ತಿಕೊಂಡು ಕೂತರು. ರೊಟ್ಟಿ ಕೇಳಿ ಇಸಿದುಕೊಂಡರು. ಪಕ್ಕದವಳು ಏನೋ ಅಂದದ್ದಕ್ಕೆ ಬಾಯಿ ತುಂಬ ನಕ್ಕರು.

ರೊಟ್ಟಿ ಪಕ್ಕಕ್ಕಿಟ್ಟ ನನ್ನ ಕೈಗಳು ಇನ್ನೂ ಚಪ್ಪಾಳೆ ಹೊಡೆಯುತ್ತಲೇ ಇದ್ದವು. ಉಳಿದವರೆಲ್ಲ ನಿಲ್ಲಿಸಿದ್ದು ನನಗೆ ತಿಳಿಯಲಿಲ್ಲ.

“ನೋಡ್ರವಾ ಈಕೀನ್ನ!” ಎಂದಳು ಕಸ್ತೂರೆವ್ವ. “ಕೈಯಾಗಿನ ನೀರು ಕಸಗೊಂಡೀವಿ, ನಮಗಿಂತ ಜೋರಾಗಿ ಚಪ್ಪಾಳಿ ಹೊಡೀತಾಳ!”